ಸಾಲು ಬಿಟ್ಟವಳು

ಉದಯಕುಮಾರ ಮಾಸ್ತರರ ಸ್ಟಾಪ್‌ವಾಚು ಸುಳ್ಳು ಹೇಳುವಂಥದ್ದಲ್ಲ. ಹಾಗೆಂದು ಅವರೇ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಆದರೆ ಸ್ಟೆಲ್ಲಾ ಎಂಬ ಹುಡುಗಿ ದಾಂಡೇಲಿಯ ಕ್ರೀಡಾ ಹಾಸ್ಟೆಲಿಗೆ ಬಂದು ಸೇರಿದ ಮೇಲೆ ಅದೇ ವಾಚನ್ನು ಎರಡು ಸಲ ರಿಪೇರಿಗೆ ಕೊಟ್ಟು ಬಂದರು. ಹುಡುಗಿ ಒಬ್ಬಳೇ ನೀರಿಗಿಳಿದರೆ ಐವತ್ತು ಮೀಟರನ್ನು ಮೂವತ್ತಮೂರು ಸೆಕೆಂಡಿನಲ್ಲಿ ಮುಗಿಸುತ್ತಿದ್ದಳು. ಪಕ್ಕದಲ್ಲಿ ಇನ್ನೊಬ್ಬಳು ಇಳಿದರೆ ಮೂವತ್ತೆಂಟು. ಆ ಇನ್ನೊಬ್ಬಳು ಎಮ್ಮೆಯಂತೆ ನಿಧಾನದವಳಾದರೆ ನಲವತ್ತೆರಡು. ರಿಪೇರಿಯವನು ಎರಡೂ ಸಲ ವಾಚಿಗೆ ಏನೂ ಆಗಿಲ್ಲವೆಂದು ಹೇಳಿ ವಾಪಸು ಕೊಟ್ಟ.

"ಏನಾಗ್ತೈತಿ ನಿನಗ?" ಎಂದು ಮಾಸ್ತರರು ಕೇಳುತ್ತಿದ್ದರು.

"ಗೊತ್ತಿಲ್ರೀ ಸರ್" ಎನ್ನುತ್ತಿದ್ದಳು ಸ್ಟೆಲ್ಲಾ. ಅದು ನಿಜವೇ ಆಗಿತ್ತು. ತಾನು ನಿಧಾನವಾದೆನೆಂದು ಅವಳಿಗೆ ಅನ್ನಿಸುತ್ತಲೇ ಇರಲಿಲ್ಲ. ಮೈಯಲ್ಲಿ ಇದ್ದಷ್ಟು ಬಲವೆಲ್ಲ ಹಾಕಿ ಈಜಿದ ಹಾಗೇ ಅನ್ನಿಸುತ್ತಿತ್ತು. ಗೋಡೆ ಮುಟ್ಟಿ ತಲೆಯೆತ್ತಿದರೆ ಪಕ್ಕದವಳೂ ಆಗಷ್ಟೇ ಮುಟ್ಟಿರುತ್ತಿದ್ದಳು, ಮಾಸ್ತರರು ಹಣೆ ಬಡಿದುಕೊಳ್ಳುತ್ತಿದ್ದರು.

ಅವಳು ಸಾಂಬ್ರಾಣಿಯಿಂದ ಒಳಗೆ ನಾಲ್ಕು ಕಿಲೋಮೀಟರು ದೂರದ ಒಂದು ಸಿದ್ದಿ ಕೇರಿಯವಳು. ತಂದೆ ಪೆದ್ರು ಕಬ್ಬು ಕಡಿಯುವ ಕೆಲಸದವನು, ತಾಯಿ ಅಂಗನವಾಡಿಯಲ್ಲಿ ಅಡುಗೆ ಮಾಡುವವಳು. ಮನೆಯಲ್ಲಿ ಮಾತು ನಡೆಯುವುದು ತಂದೆಯದೂ ಅಲ್ಲ, ತಾಯಿಯದೂ ಅಲ್ಲ, ಅಜ್ಜಿ ಲುವಿಜಾಳದು. ಕೇರಿಯ ಹಿಂದೆ ಒಂದು ಕೆರೆ. ಬೇಸಗೆಯಲ್ಲಿ ನೀರು ಇಳಿದಾಗ ಕೇರಿಯವರೆಲ್ಲ ಸೇರಿ ಅಲ್ಲಿ ಮೀನು ಹಿಡಿಯುತ್ತಾರೆ, ಆ ದಿನದ ಯಜಮಾನಿಕೆಯೂ ಲುವಿಜಾಳದೇ.

ಮೀನು ಹಿಡಿಯುವ ಕ್ರಮ ಹೀಗೆ. ಆಚೆ ದಡದ ಮೂಲೆಯಲ್ಲಿ ಬಲೆ ಕಟ್ಟಿರುತ್ತಾರೆ, ಅದರ ಒಂದು ಬದಿ ಬಾಯಿ ತೆರೆದೇ ಇರುತ್ತದೆ. ಈಚೆ ದಡದಿಂದ ಹದಿನೈದು ಜನ ಸಾಲಾಗಿ ನೀರಿಗಿಳಿದು, ಕೈಯಿಂದ ನೀರು ಬಡಿಯುತ್ತ ಈಜಿಕೊಂಡು ಹೋಗಿ ಮೀನನ್ನು ಬಲೆಯ ಕಡೆಗೆ ಅಟ್ಟಬೇಕು. ಯಾರೂ ಮುಂದೆ ಹೋಗುವಂತಿಲ್ಲ, ಯಾರೂ ಹಿಂದೆ ಬೀಳುವಂತಿಲ್ಲ. ಒಬ್ಬ ಮುಂದಾದರೂ ಸಾಲಿನಲ್ಲಿ ಸಂದು ಬೀಳುತ್ತದೆ, ಆ ಸಂದಿನಿಂದ ಮೀನು ತಿರುಗಿ ಪಾರಾಗುತ್ತದೆ. ಸಾಲಿನ ಕೊನೆಯಲ್ಲಿರುವ ಒಬ್ಬನಿಗೆ ಮಾತ್ರ ಬೇರೆ ಕೆಲಸ. ಅಜ್ಜಿ ಕೂಗಿದಾಗ ಅವನು ಸಾಲು ಬಿಟ್ಟು ಮುಂದೆ ನುಗ್ಗಿ, ಬಲೆಯ ಹಗ್ಗ ಹಿಡಿದೆಳೆದು ಬಾಯಿ ಮುಚ್ಚಬೇಕು. ಅವನಿಗೆ ತುದಿಯವನು ಎನ್ನುತ್ತಾರೆ. ಸ್ಟೆಲ್ಲಾಳಿಗೆ ತಿಳುವಳಿಕೆ ಬಂದಾಗಿನಿಂದ ತುದಿಯವನು ಅಂಕುಶ ಕಾಕಾನೇ.

ಆರು ವರ್ಷಕ್ಕೆ ಅವಳನ್ನು ಅಪ್ಪನ ಮತ್ತು ಅತ್ತೆಯ ನಡುವೆ ಸಾಲಿಗೆ ಹಾಕಿದರು. ಮೀನಿನ ಮರಿಗೆ ಈಜು ಕಲಿಸಬೇಕೇ ಎನ್ನುತ್ತಾರಲ್ಲ, ಈಜು ಅವಳಿಗೆ ಯಾರೂ ಕಲಿಸಲಿಲ್ಲ. ಸಾಲನ್ನು ಮಾತ್ರ ಅಜ್ಜಿ ಬೈದು ಬೈದು ಕಲಿಸಿದಳು. ದಡದ ಮೇಲೆ ಕೋಲು ಹಿಡಿದು ನಿಂತು, "ಸಾಲ ನೋಡ್ರೋ, ಸಾಲ! ಪಕ್ಕದಾವನ ಭುಜ ನೋಡು, ಮೀನ ನೋಡಬ್ಯಾಡ" ಎಂದು ಒಂದೇ ಸಮ ಕೂಗುತ್ತಿದ್ದಳು. ಒಂದು ವರ್ಷ ಸ್ಟೆಲ್ಲಾ ಉಮೇದಿನಿಂದ ನಾಲ್ಕು ಮಾರು ಮುಂದೆ ಹೋಗಿಬಿಟ್ಟಳು. ಮತ್ತೆ ಸಾಲು ಕಟ್ಟಲು ಹೊತ್ತು ಉಳಿದಿರಲಿಲ್ಲ, ಆ ರಾತ್ರಿ ಇಡೀ ಕೇರಿ ಮೀನಿಲ್ಲದೆ ಬರೀ ಸಾರು ಉಂಡಿತು. ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಆ ಸಾರಿನ ರುಚಿಯನ್ನು ಅವಳು ಮರೆಯಲೇ ಇಲ್ಲ.

ಅವಳಿಗೆ ಹತ್ತು ವರ್ಷವಾದಾಗ ಶಾಲೆಗೆ ಕ್ರೀಡಾ ಇಲಾಖೆಯವರು ಮಕ್ಕಳನ್ನು ಆರಿಸಲು ಬಂದರು. ಸಿದ್ದಿ ಮಕ್ಕಳೆಂದರೆ ಓಡುವುದಕ್ಕೇ ಹುಟ್ಟಿದವರು ಎಂದು ಇವರಿಗೆ ಯಾರು ಬರೆದುಕೊಟ್ಟಿದ್ದಾರೋ ದೇವರಿಗೇ ಗೊತ್ತು. ಗುಂಗುರು ಕೂದಲು ಕಂಡರೆ ಸಾಕು, ಸುಣ್ಣದ ಗೆರೆ ಎಳೆದು ಸೀಟಿ ಊದುತ್ತಾರೆ. ಸ್ಟೆಲ್ಲಾ ಓಡಿದಳು, ಕೊನೆಗೆ ಬಂದಳು. ಬಂದವರಿಗೆ ತಾವು ನೋಡಿದ್ದು ನಂಬಿಕೆಯಾಗದೆ ಇನ್ನೊಂದು ಸಲ ಓಡಿಸಿದರು, ಇನ್ನೊಂದು ಸಲವೂ ಕೊನೆಗೇ ಬಂದಳು. ಆಗ ಶಾಲೆಯಲ್ಲಿ ಪಾಠ ಹೇಳುವ ಬಾಯಾರು, "ಅಕಿ ಓಡಾಕಲ್ರೀ, ನೀರಿನ್ಯಾಗ ಬಿಟ್ಟ ನೋಡ್ರಿ" ಎಂದರು. ಕೆರೆಯಲ್ಲಿ ಒಬ್ಬಳನ್ನೇ ಇಳಿಸಿ ನೋಡಿದರು. ಹಾಸ್ಟೆಲಿನ ಸೀಟು ಸಿಕ್ಕಿತು. ಪುಕ್ಕಟೆ ಓದು, ದಿನಾ ಮೊಟ್ಟೆ, ವಾರಕ್ಕೆರಡು ಸಲ ಕೋಳಿ. ಪೆದ್ರು ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಏಸುವಿನ ಫೋಟೋದ ಹಿಂದೆ ಇಟ್ಟ.

ದಾಂಡೇಲಿಯ ಕೊಳ ನೋಡಿದ ಮೊದಲ ದಿನ ಅವಳಿಗೆ ಏನೂ ತಿಳಿಯಲಿಲ್ಲ. ನೀರಿನ ತಳ ಕಾಣುತ್ತಿತ್ತು. ಕೆಸರಿಲ್ಲ, ಜೊಂಡಿಲ್ಲ, ಮೀನಂತೂ ಇಲ್ಲವೇ ಇಲ್ಲ. ಈ ಗೋಡೆಯಿಂದ ಆ ಗೋಡೆಗೆ ಹೋಗಿ, ಅದನ್ನು ಮುಟ್ಟಿ, ಬರಿಗೈಯಲ್ಲಿ ವಾಪಸು ಬರಬೇಕಂತೆ. ಫೋನಿನಲ್ಲಿ ಇದನ್ನು ಕೇಳಿದ ಅಜ್ಜಿ, "ಅಲ್ಲೇನ ಇಟ್ಟಾರ?" ಎಂದಳು. ಏನೂ ಇಟ್ಟಿಲ್ಲವೆಂದು ಸ್ಟೆಲ್ಲಾ ಹೇಳಿದಾಗ, "ಮತ್ತ್ಯಾಕ ಹೋಗ್ತಿ?" ಎಂದಳು.

ಎರಡು ವರ್ಷ ಹೀಗೇ ಕಳೆದವು. ಸ್ಪರ್ಧೆಯಲ್ಲಿ ಒಮ್ಮೆಯೂ ಗೆಲ್ಲಲಿಲ್ಲ. ಹತ್ತು ಜನರದು ಹತ್ತು ಮಾತು. ಹುಡುಗಿಗೆ ಹೆದರಿಕೆ ಎಂದು ಒಬ್ಬರು, ಸೋಮಾರಿತನ ಎಂದು ಇನ್ನೊಬ್ಬರು. ದೃಷ್ಟಿಯಾಗಿದೆ ಎಂದು ತಾಯಿ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಡಾಕ್ಟರು ರಕ್ತ ತಪಾಸಣೆ ಮಾಡಿಸಿ ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ಸ್ಟೆಲ್ಲಾ ಗುಳಿಗೆ ನುಂಗಿದಳು, ಬೈಗುಳವನ್ನೂ ನುಂಗಿದಳು. ತನ್ನ ಕೈಕಾಲು ತನ್ನ ಮಾತನ್ನೇ ಕೇಳುತ್ತಿಲ್ಲವೇ, ಯಾರ ಮಾತು ಕೇಳುತ್ತಿವೆ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಗುತ್ತಿತ್ತು. ಅವಳ ಕೋಣೆಯ ಗೆಳತಿ ತೇರಗಾಂವದ ರಾಜಶ್ರೀಗೆ ಮಾತ್ರ ಇದರಿಂದ ಸಂತೋಷ. "ನೀ ಬಾಜೂಕ ಇದ್ರ ನನಗ ಧೈರ್ಯ ಬರ್ತದ" ಎನ್ನುತ್ತಿದ್ದಳು.

ಮೂರನೆಯ ವರ್ಷ ಜನವರಿಯಲ್ಲಿ ನೋಟೀಸು ಹಚ್ಚಿದರು. ಈವರೆಗೆ ಏನೂ ಗೆಲ್ಲದವರಲ್ಲಿ, ಫೆಬ್ರುವರಿಯ ಪಂದ್ಯದಲ್ಲಿ ಐವತ್ತು ಮೀಟರನ್ನು ಮೂವತ್ತೈದು ಸೆಕೆಂಡಿನೊಳಗೆ ಮುಗಿಸದವರು ಗಂಟುಮೂಟೆ ಕಟ್ಟಬೇಕು. ಅಂಗಾತ ಈಜಿನಲ್ಲಿ ಗೆದ್ದಿದ್ದ ರಾಜಶ್ರೀಯ ಸೀಟು ಭದ್ರವಾಗಿತ್ತು. ಸ್ಟೆಲ್ಲಾಳದು ತೂಗುಯ್ಯಾಲೆಯಲ್ಲಿತ್ತು. ಸುದ್ದಿ ಕೇಳಿದ ಪೆದ್ರು ಅಂದಿನ ಕೂಲಿ ಬಿಟ್ಟು, ತನ್ನ ತಾಯಿ ಲುವಿಜಾಳನ್ನು ಕರೆದುಕೊಂಡು ಬಸ್ಸು ಹತ್ತಿದ.

ಲುವಿಜಾ ಕೊಳದ ಕಟ್ಟೆಯ ಮೇಲೆ ಕುಳಿತು ಎಲೆಯಡಿಕೆ ಜಗಿಯುತ್ತ ನೋಡಿದಳು. ಮಾಸ್ತರರು ಆರು ಹುಡುಗಿಯರನ್ನು ಒಟ್ಟಿಗೆ ಬಿಟ್ಟರು. ಸ್ಟೆಲ್ಲಾ ಎಂದಿನಂತೆ ಪಕ್ಕದವಳ ಸಮಕ್ಕೇ ಬಂದು ಮುಟ್ಟಿದಳು.

"ನೋಡಿದ್ರ್ಯಾ?" ಎಂದರು ಮಾಸ್ತರರು. "ಏನ ಮಾಡೂಣು ಹೇಳ್ರಿ ಇಕಿಗೆ."

ಅಜ್ಜಿಗೆ ಅವರ ತಕರಾರೇ ಅರ್ಥವಾಗಲಿಲ್ಲ. "ಬರೋಬರಿ ಮಾಡಾಕತ್ತಾಳಲ್ರೀ ಮಾಸ್ತರ. ಆರು ಮಂದ್ಯಾಗ ಸಾಲ ಹಿಡದಾಕಿ ಇಕಿ ಒಬ್ಬಾಕಿನ. ಉಳದಾವ್ರದ್ದು ನೋಡ್ರಿ, ಹೆಂಗ ಬೇಕಾದ್ಹಂಗ ಹೊಂಟಾವ. ಅವಕ ಯಾರೂ ಕಲಿಸಿಲ್ಲೇನು?"

ಯಾವ ಸಾಲು ಎಂದು ಮಾಸ್ತರರು ಕೇಳಿದರು. ಆಮೇಲೆ ಪೆದ್ರು ಕೆರೆಯ ಕಥೆಯನ್ನೆಲ್ಲ ಬಿಡಿಸಿ ಹೇಳಿದ. ಕೇಳುತ್ತ ನಿಂತಿದ್ದ ಸ್ಟೆಲ್ಲಾಳಿಗೆ ನಿಂತ ನೆಲವೇ ಜಾರಿದಂತಾಯಿತು. ಹೌದಲ್ಲ, ಉಸಿರಿಗೆಂದು ಮುಖ ಹೊರಳಿಸಿದಾಗಲೆಲ್ಲ ತಾನು ನೋಡುವುದು ಪಕ್ಕದವಳ ಭುಜವನ್ನೇ. ಎರಡು ವರ್ಷ ತನ್ನೊಳಗೆ ಕುಳಿತು ಕೈಕಾಲಿಗೆ ಲಗಾಮು ಹಾಕಿದ್ದು ಈ ಅಜ್ಜಿಯೇ. ಅವಳ ಮೇಲೆ ಸಿಟ್ಟು ಬಂತು. ಆದರೆ ಅಜ್ಜಿ ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಹುಡುಕಿದರೆ ಒಂದೂ ಸಿಗಲಿಲ್ಲ.

"ಮತ್ತ ಈಗ ಏನ ಮಾಡ್ಲಿ ಅಜ್ಜಿ? ಮುಂದ ಹೋಗಲೋ ಬ್ಯಾಡೋ?"

ಲುವಿಜಾ ಬಗ್ಗಿ ಕೊಳದ ನೀರಿನಲ್ಲಿ ಕೈಯಾಡಿಸಿದಳು. "ಮೀನ ಇದ್ದ ನೀರಿಂದು ಕೇಳು, ಹೇಳ್ತೇನಿ. ಇದು ನನಗ ತಿಳಿಯಂಗಿಲ್ಲ ಮಗಳ" ಎಂದಳು. ಹುಟ್ಟಿದಾಗಿನಿಂದ ಅಜ್ಜಿ ಯಾವುದನ್ನಾದರೂ ತಿಳಿಯದು ಎಂದದ್ದನ್ನು ಸ್ಟೆಲ್ಲಾ ಕೇಳಿರಲಿಲ್ಲ. ಅವಳಿಗೆ ಸಿಟ್ಟಿಗಿಂತ ಹೆಚ್ಚು ಭಯವಾಯಿತು.

ಮಾಸ್ತರರು ಅವಳ ಈಜುಕನ್ನಡಕದ ಎರಡೂ ಪಕ್ಕಕ್ಕೆ ಕಪ್ಪು ಟೇಪು ಅಂಟಿಸಿದರು. ಗಾಡಿ ಕುದುರೆಗೆ ಕಣ್ಣಪಟ್ಟಿ ಕಟ್ಟುತ್ತಾರಲ್ಲ, ಹಾಗೆ. ಅದರಿಂದಲೂ ಪೂರ್ತಿ ಉಪಯೋಗವಾಗಲಿಲ್ಲ. ಕಣ್ಣಿಗೆ ಕಾಣದಿದ್ದರೂ ಪಕ್ಕದವಳ ಕೈ ಎಬ್ಬಿಸಿದ ಅಲೆ ಭುಜಕ್ಕೆ ತಟ್ಟುತ್ತಿತ್ತು. ಅಲೆ ಹಿಂದಾಯಿತೆಂದರೆ ಮೈ ತಾನಾಗಿ ಸಡಿಲುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತೆ ಮನಸ್ಸು ಒಂದು ಕಡೆ, ಮೈ ಇನ್ನೊಂದು ಕಡೆ.

ಪಂದ್ಯದ ದಿನ ಪಕ್ಕದ ಹಾದಿ ರಾಜಶ್ರೀಗೇ ಬಂತು. ಸೀಟಿ ಊದಿದರು. ಹೋಗುವಾಗ ಇಬ್ಬರೂ ಸಮಸಮ. ಗೋಡೆಗೆ ಒದ್ದು ತಿರುಗಿದ ಮೇಲೆ ಭುಜದ ಬಳಿಯ ಅಲೆ ಸೊಂಟಕ್ಕೆ ಇಳಿಯಿತು, ಸೊಂಟದಿಂದ ಮೊಣಕಾಲಿಗೆ. ನಿಲ್ಲು ಎಂದಿತು ಮೈ. ಸಂದು ಬಿತ್ತು, ಮೀನು ಹೋಯಿತು, ಕೇರಿಗೆ ಕೇರಿಯೇ ಬರೀ ಸಾರು ಉಣ್ಣುತ್ತದೆ ಎಂದಿತು. ಇಲ್ಲಿ ಮೀನಿಲ್ಲ, ಇಲ್ಲಿ ಮೀನಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಸ್ಟೆಲ್ಲಾ ಕೈ ಬೀಸಿದಳು. ಆಮೇಲೆ ಯಾವ ಅಲೆಯೂ ತಟ್ಟಲಿಲ್ಲ. ಅಷ್ಟು ನೀರಿನಲ್ಲಿ ತಾನೊಬ್ಬಳೇ ಎನ್ನಿಸಿ ಅಳು ಬಂತು.

ಮೂವತ್ತನಾಲ್ಕು ಸೆಕೆಂಡು. ಮಾಸ್ತರರು ವಾಚಿಗೆ ಮುತ್ತು ಕೊಟ್ಟರು. ಆಮೇಲೆ ಬಂದು ಗೋಡೆ ಮುಟ್ಟಿದ ರಾಜಶ್ರೀ ಏದುಸಿರು ಬಿಡುತ್ತ, "ಏನವಾ, ಹೇಳದ ಕೇಳದ ಹೋಗಿಬಿಟ್ಟಿ?" ಎಂದು ನಕ್ಕಳು. ಅವಳು ತಮಾಷೆಗೇ ಅಂದದ್ದು. ಸ್ಟೆಲ್ಲಾಳಿಗೆ ಯಾರದೋ ಜೇಬಿಗೆ ಕೈ ಹಾಕಿ ಸಿಕ್ಕಿಬಿದ್ದಂತಾಯಿತು. ಗೆದ್ದವರಿಗೆ ಹೀಗೇ ಆಗುತ್ತದೆಯೋ, ತನಗೊಬ್ಬಳಿಗೇ ಹೀಗೋ ಎಂದು ಯಾರನ್ನು ಕೇಳುವುದೆಂದೂ ತಿಳಿಯಲಿಲ್ಲ.

ಏಪ್ರಿಲಿನ ರಜೆಗೆ ಊರಿಗೆ ಬಂದಾಗ ಕೆರೆಯಲ್ಲಿ ಮೀನು ಹಿಡಿಯುವ ದಿನ ಗೊತ್ತುಮಾಡಿದ್ದರು. ಸ್ಟೆಲ್ಲಾ ಎಂದಿನಂತೆ ಅಪ್ಪನ ಮತ್ತು ಅತ್ತೆಯ ನಡುವೆ ಇಳಿದಳು. ಬೆಚ್ಚಗಿನ ಕೆಸರುನೀರು ಮೈಗೆ ತಾಗಿದ್ದೇ ಜೀವ ಬಂದಂತಾಯಿತು. ಇಲ್ಲಿ ಎಲ್ಲ ಗೊತ್ತಿದ್ದದ್ದೇ. ಅಜ್ಜಿ ಕೂಗಿದಳು, ಸಾಲು ಹೊರಟಿತು. ಸ್ಟೆಲ್ಲಾ ನೀರು ಬಡಿಯುತ್ತ ಹೋದಳು. ಅರ್ಧ ಕೆರೆ ದಾಟಿದ ಮೇಲೆ ಸುತ್ತ ಸದ್ದಿಲ್ಲವೆನ್ನಿಸಿ ತಿರುಗಿ ನೋಡಿದಳು. ಸಾಲು ಆರು ಮಾರು ಹಿಂದಿತ್ತು. ಅಪ್ಪನ ಮತ್ತು ಅತ್ತೆಯ ನಡುವಿನ ಸಂದಿನಿಂದ ಮೀನುಗಳು ಒಂದರ ಹಿಂದೊಂದು ನೆಗೆದು ಹೋಗುತ್ತಿದ್ದವು.

ಪೆದ್ರು ಮಗಳ ಮುಖ ನೋಡಲಾರದೆ ನೀರು ನೋಡುತ್ತ ನಿಂತ. ಅಲ್ಲಿ ಕಲಿತದ್ದು ಇಲ್ಲಿಗೆ ಕೆಟ್ಟದ್ದು, ಇಲ್ಲಿಯದು ಅಲ್ಲಿಗೆ ಕೆಟ್ಟದ್ದು. ಇನ್ನು ತನಗೆ ಯಾವ ನೀರು ಎಂದು ಸ್ಟೆಲ್ಲಾ ಕತ್ತಿನ ಮಟ್ಟದ ನೀರಿನಲ್ಲೇ ಬಿಕ್ಕಿದಳು.

ಅಜ್ಜಿ ಕೋಲೂರಿಕೊಂಡು ದಡದಂಚಿಗೆ ಬಂದಳು. ಬೈಗುಳಕ್ಕೆ ಎಲ್ಲರೂ ತಯಾರಾದರು. ಅವಳು ಮೊಮ್ಮಗಳನ್ನು ನೋಡಲಿಲ್ಲ.

"ಅಂಕುಶಾ, ನಿನಗೆಷ್ಟು ವಯಸ್ಸಾತೋ?"

"ಐವತ್ತೆಂಟು, ಮಾವಶಿ" ಎಂದ ಅವನು, ಇದೇಕೆ ಈಗ ಎಂದು ತಿಳಿಯದೆ.

"ನೀ ಸಾಲಿಗೆ ಬಾ. ಅಕಿ ತುದಿಗೆ ಹೋಗ್ಲಿ."

ಅಂಕುಶ ತಿರುಗಿ ಬಲೆಯ ಹಗ್ಗದ ಕಡೆ ನೋಡಿದ. ಮೂವತ್ತು ವರ್ಷ ಅವನದಾಗಿದ್ದ ಜಾಗ ಅದು. ಆಮೇಲೆ ಮೆಲ್ಲಗೆ ಈಜಿ ಬಂದು ಪೆದ್ರುವಿನ ಪಕ್ಕ ನಿಂತ. ಹೆಣ್ಣುಮಕ್ಕಳು ತುದಿ ಹಿಡಿದದ್ದು ಆ ಕೆರೆಯಲ್ಲಿ ಯಾರೂ ಕಂಡಿರಲಿಲ್ಲ. ಆದರೆ ಲುವಿಜಾಳಿಗೆ ಎದುರಾಡುವವರು ಯಾರು? ಎಲ್ಲರೂ ಈಚೆ ದಡಕ್ಕೆ ಮರಳಿ ಮತ್ತೆ ಸಾಲು ಕಟ್ಟಿದರು.

"ನಾ ಕೂಗೂತನಾ ಸಾಲಿನ್ಯಾಗ ಇರಬೇಕು" ಎಂದಳು ಅಜ್ಜಿ. "ಕೂಗಿದ ಮ್ಯಾಲ ತಿರುಗಿ ನೋಡಬಾರದು. ತಿಳೀತಿಲ್ಲೋ?"

ತಿಳಿಯಿತೋ ಇಲ್ಲವೋ ಸ್ಟೆಲ್ಲಾಳಿಗೆ ಗೊತ್ತಾಗಲಿಲ್ಲ. ಆದರೂ ಹೂಂ ಎಂದಳು. ಸಾಲು ಹೊರಟಿತು. ಅವಳು ಪಕ್ಕದವನ ಭುಜ ನೋಡುತ್ತ, ತುಟಿ ಕಚ್ಚಿ, ಮೈಯ ಬಲವನ್ನೆಲ್ಲ ಹಿಡಿದಿಟ್ಟುಕೊಂಡು ಸಮಸಮಕ್ಕೆ ಈಜಿದಳು. ಆಚೆ ದಡ ಹತ್ತಿರವಾಯಿತು, ಬಲೆಯ ಗೂಟ ಕಂಡಿತು. ಆಗ ಅಜ್ಜಿ ಕೂಗಿದಳು, ಸ್ಟೆಲ್ಲಾ ಹೋದಳು.