ಅಜ್ಜಿಗೆ ಊರು ಕೊಟ್ಟದ್ದು

ನಾನು ಲೆಕ್ಕದ ಮಾಸ್ತರು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಿದ್ದೇನೆ, ಕಿವಿಯನ್ನೂ ಹಿಂಡಿದ್ದೇನೆ. ತಪ್ಪು ಉತ್ತರ ಹೇಳಿದವನನ್ನು ಹೇಗೋ ಸಹಿಸುತ್ತಿದ್ದೆ, ‘ಗೊತ್ತಿಲ್ಲ ಸಾರ್’ ಎಂದು ಕೈಕಟ್ಟಿ ನಿಂತವನನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಗೊತ್ತಿಲ್ಲ ಎನ್ನುವುದಕ್ಕೆ ಸ್ಕೂಲಿಗೆ ಯಾಕೆ ಬಂದೆ ಎಂದು ಕೇಳುತ್ತಿದ್ದೆ. ಆ ಪ್ರಶ್ನೆಯನ್ನು ನಾನು ಕೇಳುವುದು ಬಿಟ್ಟದ್ದು ಕಂಪ್ಲಿಯ ಒಬ್ಬ ಮುದುಕಿಯ ದೆಸೆಯಿಂದ. ಅವರು ನನ್ನ ಹೆಂಡತಿಯ ಅಜ್ಜಿ.

ಅದು ಯುದ್ಧದ ಕಾಲ. ತುಂಗಭದ್ರೆಗೆ ಅಣೆಕಟ್ಟು ಬರುತ್ತದೆ ಎನ್ನುವುದು ಇನ್ನೂ ಬರೀ ಮಾತಾಗಿತ್ತು. ನನ್ನ ಮದುವೆ ಆ ಬೇಸಿಗೆಯಲ್ಲಿ ಆಗಿತ್ತು. ಕಂಪ್ಲಿಯಲ್ಲಿ ಭತ್ತದ ವ್ಯಾಪಾರ ಮಾಡುವ ಮನೆಯ ಹುಡುಗಿ ಹೊಸಪೇಟೆಯ ನನ್ನ ಎರಡು ಕೋಣೆಯ ಬಾಡಿಗೆ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಮೊದಲ ದೀಪಾವಳಿಗೆ ಅಳಿಯನನ್ನು ಕರೆಯುವುದು ಪದ್ಧತಿಯಲ್ಲವೆ? ಅವಳು ವಾರ ಮೊದಲೇ ತವರಿಗೆ ಹೋದಳು, ನಾನು ಹಬ್ಬದ ಹಿಂದಿನ ದಿನ ಹೋದೆ. ಹಬ್ಬ ಮುಗಿಸಿ ಇಬ್ಬರೂ ಒಟ್ಟಿಗೆ ವಾಪಸು ಬರುವುದೆಂದು ಮಾತಾಗಿತ್ತು.

ಪಾಡ್ಯದ ದಿನ ಎಣ್ಣೆನೀರು, ಹೋಳಿಗೆ ಊಟ ಎಲ್ಲ ಮುಗಿದು ಪಡಸಾಲೆಯಲ್ಲಿ ಎಲೆಯಡಿಕೆ ಹಾಕುತ್ತ ಕೂತೆವು. ಹೊಸ ಅಳಿಯನಿಗೆ ಒಗಟು ಹಾಕಿ ಕಾಡಿಸುವುದು ಆ ಮನೆಯ ಹೆಂಗಸರ ಹಕ್ಕು. ನಮ್ಮ ಕಡೆ ಒಗಟಿಗೆ ಒಂದು ಕಟ್ಟಳೆಯಿದೆ. ಬಿಡಿಸಲಾಗದವನು ಊರು ಕೊಡಬೇಕು. ಸೋತೆ ಎನ್ನುವ ಬದಲು ಒಂದು ಊರಿನ ಹೆಸರು ಹೇಳಿ, ತಗೊಳ್ಳಿ ಎನ್ನಬೇಕು. ಒಗಟು ಹಾಕಿದವರು ಆ ಊರಿಗೆ ತಾವೇ ಒಡೆಯರಾದಂತೆ ಒಂದು ಗಳಿಗೆ ಮೆರೆದು, ಆಮೇಲೆ ಉತ್ತರ ಹೇಳುತ್ತಾರೆ. ಅಜ್ಜಿ ಆ ಮನೆಯ ಹಿರಿಯ ಅಳಿಯನಿಂದ ಮೆಟ್ರಿಯನ್ನೂ ನಡುವಿನವನಿಂದ ಬುಕ್ಕಸಾಗರವನ್ನೂ ಎಂದೋ ಗೆದ್ದುಕೊಂಡಿದ್ದರು.

ಗಿಡ, ಮರ, ಹಕ್ಕಿಗಳ ಒಗಟುಗಳನ್ನು ನಾನು ಹೇಗೋ ದಾಟಿದೆ. ದಾಟಿದ್ದೇ ತಡ, ಕೊಂಬು ಬಂತು.

“ಇವೆಲ್ಲ ಬ್ಯಾಡ ಅಜ್ಜಿ, ಅಂಕಿದು ಒಂದು ಹಾಕ್ರಿ. ಅದನ್ನ ಬಿಡಿಸಲಿಲ್ಲ ಅಂದ್ರ ನಿಮ್ಮ ಮೊಮ್ಮಗಳನ್ನ ಇಲ್ಲೇ ಬಿಟ್ಟು ಹೋಗ್ತೀನಿ” ಎಂದೆ.

ಯಾರೂ ಕೇಳಿರಲಿಲ್ಲ. ನಾನಾಗಿಯೇ ಹೇಳಿದೆ. ನನ್ನ ಹೆಂಡತಿ ಕರ್ಚಿಕಾಯಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನನ್ನೇ ನೋಡಿದಳು. ಗಂಡನ ಧೈರ್ಯಕ್ಕೆ ಮೆಚ್ಚಿಕೊಂಡಳು ಎಂದುಕೊಂಡೆ.

ಅಜ್ಜಿ ಎಲೆಗೆ ಸುಣ್ಣ ಸವರುತ್ತ ಹೇಳಿದರು. “ಹಂಗಾದ್ರ ಕೇಳ್ರಿ ಮಾಸ್ತರ್ರ. ನಾಕು, ಮೂರು, ಎರಡು, ಒಂದು. ಮುಂದ ಏನು?”

“ಸೊನ್ನಿ.”

ಹೆಂಗಸರೆಲ್ಲ ಸೆರಗು ಬಾಯಿಗೆ ಇಟ್ಟುಕೊಂಡರು. ಅಜ್ಜಿ ತಲೆಯಾಡಿಸಿ, “ಅಲ್ಲ. ಬಿಡಿಸ್ರಿ, ಇಲ್ಲಂದ್ರ ಊರು ಕೊಡ್ರಿ. ಎರಡರಾಗ ಒಂದು ಆಗೋತನಕ ನಿಮ್ಮ ಮಾತಿನಂಗ ಆಕಿ ಇಲ್ಲೇ ಇರ್ತಾಳ” ಎಂದರು.

ಒಂದು ಊರು ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಓದು ಬರಹ ತಿಳಿಯದ ಮುದುಕಿಯ ಮುಂದೆ, ಅದೂ ಅಂಕಿಯ ವಿಷಯದಲ್ಲಿ, ಲೆಕ್ಕದ ಮಾಸ್ತರು ಊರು ಕೊಡುವುದೆ? ಒಂದು ವಾರದಲ್ಲಿ ಉತ್ತರ ತರುತ್ತೇನೆ ಎಂದು ಮೀಸೆ ತಿರುವಿ ಎದ್ದೆ. ಮರುದಿನ ಮೋಟಾರು ಬಸ್ಸಿನಲ್ಲಿ ಒಬ್ಬನೇ ಹೊಸಪೇಟೆಗೆ ಬಂದೆ.

ನಾಲ್ಕರಿಂದ ಒಂದೊಂದೇ ಇಳಿದರೆ ಸೊನ್ನೆ. ಇದರಲ್ಲಿ ಒಗಟೇನಿದೆ? ಸೊನ್ನೆ ಅಲ್ಲವೆಂದಾದರೆ ಇಳಿತವೇ ಬೇರೆ ಇರಬೇಕು. ಕೂಡಿದೆ, ಹತ್ತು ಬಂತು. ಗುಣಿಸಿದೆ, ಇಪ್ಪತ್ತನಾಲ್ಕು ಬಂತು. ವರ್ಗ ಮಾಡಿದೆ, ಘನ ಮಾಡಿದೆ, ತಿರುಗಿಸಿ ಬರೆದೆ. ನಾಲ್ಕೇ ನಾಲ್ಕು ಅಂಕಿಗೆ ಒಂದಿಡೀ ನೋಟುಬುಕ್ಕು ಮುಗಿಯಿತು. ಯುದ್ಧದಿಂದಾಗಿ ಕಾಗದಕ್ಕೆ ಬರ ಬಂದಿದ್ದ ಕಾಲದಲ್ಲಿ ಅದೊಂದು ಪಾಪ.

ಹತ್ತನೆಯ ದಿನ ಸ್ನಾನ ಮಾಡುವಾಗ ಥಟ್ಟನೆ ಹೊಳೆಯಿತು. ಯುಗಗಳು! ಕೃತಯುಗದಲ್ಲಿ ಧರ್ಮಕ್ಕೆ ನಾಲ್ಕು ಕಾಲು, ತ್ರೇತಾಯುಗದಲ್ಲಿ ಮೂರು, ದ್ವಾಪರದಲ್ಲಿ ಎರಡು, ಕಲಿಯುಗದಲ್ಲಿ ಒಂದು. ಕಲಿಯುಗ ಮುಗಿದರೆ ಮತ್ತೆ ಕೃತಯುಗ, ಅಂದರೆ ಮತ್ತೆ ನಾಲ್ಕು. ಮುದುಕಿ ಪುರಾಣ ಕೇಳಿ ಒಗಟು ಕಟ್ಟಿದ್ದಾಳೆ ಎಂದು ಒದ್ದೆ ಮೈಯಲ್ಲೇ ನಕ್ಕೆ. ಅಂದೇ ಕಾರ್ಡು ಬರೆದು ಹಾಕಿದೆ. ಉತ್ತರ ನಾಲ್ಕು, ಭಾನುವಾರ ಕರೆದೊಯ್ಯಲು ಬರುತ್ತೇನೆ ಎಂದು ಬರೆದಿದ್ದೆ. ಮನೆ ಗುಡಿಸಿದೆ, ಹೊಸ ಕೊಡವೊಂದನ್ನು ತಂದಿಟ್ಟೆ.

ಶನಿವಾರ ಹೆಂಡತಿಯ ಕಾರ್ಡು ಬಂತು. ಉರುಟು ಅಕ್ಷರದಲ್ಲಿ ಎರಡೇ ಸಾಲು. ‘ಅಜ್ಜಿ ಅಲ್ಲ ಅಂದರು. ಚಳಿ ಬಿದ್ದಿದೆ, ಕಂಬಳಿ ಅಲ್ಲಿನ ದೊಡ್ಡ ಪೆಟ್ಟಿಗೆಯ ಬಲಗಡೆ ಅಡಿಯಲ್ಲಿದೆ.’

ಆ ಕಂಬಳಿಯನ್ನು ನಾನು ಹುಡುಕಲಿಲ್ಲ. ಸಿಟ್ಟು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಮೂರು ದಿನ ನಡುಗಿ ನಾಲ್ಕನೆಯ ದಿನ ತೆಗೆದು ಹೊದ್ದೆ. ಅದಕ್ಕೆ ಅವಳ ಸೀರೆಗಳ ನಡುವಿನ ಬೇವಿನೆಲೆಯ ವಾಸನೆಯಿತ್ತು, ನಿದ್ದೆ ಬರಲಿಲ್ಲ.

ನಮ್ಮ ಹೆಡ್‌ಮಾಸ್ತರರು ಮದರಾಸಿನಲ್ಲಿ ಬಿ.ಎ. ಓದಿದವರು. ಅವರನ್ನು ಕೇಳಿದೆ, ನನ್ನ ಮನೆಯ ವಿಷಯ ಹೇಳದೆ. ಅವರು ಕನ್ನಡಕ ಏರಿಸಿ, “ಸೊನ್ನೆ. ಸೊನ್ನೆ ಅಲ್ಲ ಅನ್ನುವವರಿಗೆ ಲೆಕ್ಕ ಬರುವುದಿಲ್ಲ” ಎಂದರು. ಕೇಳಿ ಹಾಯೆನಿಸಿತು. ಆದರೆ ಹೆಡ್‌ಮಾಸ್ತರರ ಮಾತು ಕಂಪ್ಲಿಯ ಪಡಸಾಲೆಯಲ್ಲಿ ನಡೆಯುವುದಿಲ್ಲವಲ್ಲ. ಖಾನಾವಳಿಯ ನೀರುಸಾರು ಉಂಡು ಉಂಡು ನಾನು ಸೊರಗಿದೆ. ಅವಳು ಕಲಸುತ್ತಿದ್ದ ಸೇಂಗಾ ಪುಡಿ ಮೊಸರಿನ ನೆನಪಾಗಿ ಒಂದು ದಿನ ಊಟದ ಮಧ್ಯೆಯೇ ಎದ್ದು ಬಂದೆ. ಆ ಹೊತ್ತಿಗೂ ಒಂದು ಊರಿನ ಹೆಸರು ನನ್ನ ನಾಲಗೆಗೆ ಬರಲಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಿಲ್ಲ ಎನ್ನುವ ಜಾತಿ ನನ್ನದು.

ಮನೆಯಲ್ಲಿ ಕೂತರೆ ತಲೆ ಓಡುವುದಿಲ್ಲ ಎಂದು ಒಂದು ಭಾನುವಾರ ನೋಟುಬುಕ್ಕು ಹಿಡಿದು ಹಂಪಿಗೆ ನಡೆದೆ. ಹೊಳೆಯ ಗಾಳಿ ಬೀಸುವ ಒಂದು ಮಂಟಪದಲ್ಲಿ, ನುಣುಪಾದ ಹಾಸುಗಲ್ಲು ನೋಡಿ ಕೂತೆ. ನಾಲ್ಕು, ಮೂರು, ಎರಡು, ಒಂದು. ಬರೆದೆ, ಹೊಡೆದು ಹಾಕಿದೆ. ಅಷ್ಟರಲ್ಲಿ ಇಬ್ಬರು ಮುದುಕರು ಬಂದು ನನ್ನ ತಲೆಯ ಮೇಲೆ ನಿಂತರು.

“ಸ್ವಲ್ಪ ಸರೀರಿ ಸಾಮಿ. ನೀವು ಕುಂತಿದ್ದು ನಮ್ಮ ಮನೀ ಮ್ಯಾಲೆ” ಎಂದ ಒಬ್ಬ.

ಎದ್ದು ನೋಡಿದರೆ ನಾನು ಕೂತ ಕಲ್ಲಿನಲ್ಲಿ ಐದೈದು ಮನೆಗಳ ಚೌಕ ಕೊರೆದಿತ್ತು. ಚೌಕಾಬಾರದ ಮನೆ. ಯಾವ ಕಾಲದವರು ಕೊರೆದರೋ. ಅವರು ಕೂತು ಕವಡೆ ಆಡಿಸತೊಡಗಿದರು. ನನಗೆ ಕವಡೆಯೆಂದರೆ ಆಗದು. ಅದು ಜೂಜಿನ ಬೇರು ಎಂದು ನಮ್ಮಪ್ಪ ಕವಡೆಯನ್ನು ಮನೆಯ ಹೊಸಿಲು ದಾಟಲು ಬಿಟ್ಟಿರಲಿಲ್ಲ, ನಾನು ಒಂದು ದಿನವೂ ಅದನ್ನು ಮುಟ್ಟಿ ಆಡಿದವನಲ್ಲ. ಸ್ಕೂಲಿನಲ್ಲಿ ಮಕ್ಕಳಿಂದ ಕಿತ್ತುಕೊಂಡ ಕವಡೆ ನನ್ನ ಮೇಜಿನ ಖಾನೆಯಲ್ಲಿ ಒಂದು ಸೇರಿನಷ್ಟು ಬಿದ್ದಿದ್ದವು. ಹೆಂಡತಿಯೂ ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಸಣ್ಣ ಬಟ್ಟೆಯ ಚೀಲ ಬಿಚ್ಚಿ, ನಾಲ್ಕು ಕವಡೆ ಸುರಿದು, “ಒಂದಾಟ ಆಡೋಣೇನ್ರಿ?” ಎಂದಿದ್ದಳು. ಇದು ಸೋಮಾರಿಗಳ ಆಟ, ಬುದ್ಧಿ ಇದ್ದವರು ಆಡುವುದಲ್ಲ ಎಂದು ನಾನು ಪೇಪರು ಹಿಡಿದಿದ್ದೆ. ಅವಳು ಮತ್ತೆ ಅದರ ಸುದ್ದಿ ತೆಗೆಯಲಿಲ್ಲ.

ಮುದುಕರು ಒಂದೇ ಸಮನೆ ಕೂಗಾಡಿದರು. ‘ಮೂರು!’ ‘ಒಂದು!’ ‘ಎಂಟು, ಎಂಟು!’ ಆ ಗದ್ದಲದಲ್ಲಿ ಲೆಕ್ಕ ಹೇಗೆ ಸಾಗೀತು? ಮನಸ್ಸಿನಲ್ಲೇ ಬೈದುಕೊಂಡು ಇನ್ನೊಂದು ಮಂಟಪಕ್ಕೆ ಹೋದೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆಯುವುದು ಎಂದರೆ ಇದೇ.

ಎಳ್ಳಮಾಸೆ ಹತ್ತಿರ ಬಂತು. ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವ ಹಬ್ಬ ಅದು. ಖಾನಾವಳಿಯವರು ಅವತ್ತು ಬಾಗಿಲು ಹಾಕುತ್ತೇವೆ ಎಂದರು. ಅಂದರೆ ಆ ದಿನ ನನಗೆ ಉಪವಾಸ. ಎರಡು ತಿಂಗಳು ಹೆಂಡತಿಯ ಮುಖ ನೋಡದೆ ಕಳೆದವನಿಗೆ ಒಂದು ದಿನದ ಉಪವಾಸ ತಡೆಯಲಾಗಲಿಲ್ಲವೆ ಎಂದು ನೀವು ನಗಬಹುದು. ನಗಿರಿ. ಅವತ್ತು ಎಲ್ಲರೂ ಎಲ್ಲರ ಜೊತೆ ಉಣ್ಣುತ್ತಾರೆ, ನಾನು ಮಾತ್ರ ನಾಲ್ಕು ಅಂಕಿಯ ಜೊತೆ ಕೂತಿರುತ್ತೇನೆ ಎನ್ನುವುದೇ ಕಣ್ಣಿಗೆ ಕಟ್ಟಿತು. ಪೆಟ್ರೋಲಿಲ್ಲದೆ ಇದ್ದಿಲು ಉರಿಸಿ ಓಡುತ್ತಿದ್ದ ಮೋಟಾರು ಹತ್ತಿ, ಏರು ಬಂದಲ್ಲೆಲ್ಲ ಇಳಿದು ಅದನ್ನು ತಳ್ಳಿ, ಮಸಿ ಮುಖದಲ್ಲಿ ಕಂಪ್ಲಿಗೆ ಇಳಿದೆ.

ಅಜ್ಜಿ ಬಾಗಿಲ ಕಟ್ಟೆಯ ಮೇಲೆ ಎಳ್ಳು ಹಸನು ಮಾಡುತ್ತಿದ್ದರು. “ಬರ್ರಿ ಮಾಸ್ತರ್ರ, ಕುಂದ್ರಿ. ಬಿಡಿಸಿದಿರೇನು?”

ನಾನು ಕೂರಲಿಲ್ಲ. “ಇಲ್ಲ ಅಜ್ಜಿ. ನನಗ ಗೊತ್ತಾಗಲಿಲ್ಲ. ಊರು ತಗೋರಿ” ಎಂದೆ. ಹೇಳಿದ ಮೇಲೆ ಮೈ ಹಗುರಾಯಿತು. ಸ್ಕೂಲಿನಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ಮುಖಗಳೆಲ್ಲ ಕಣ್ಣ ಮುಂದೆ ಬಂದವು.

“ಯಾವ ಊರು ಕೊಡ್ತೀರಿ?”

“ದರೋಜಿ ತಗೋರಿ.”

“ದರೋಜಿ ಬ್ಯಾಡ. ಅಲ್ಲಿ ಕರಡಿ ಭಾಳ. ಈ ವಯಸ್ಸಿನ್ಯಾಗ ನಾ ಓಡಲಾರೆ.”

“ಸಂಡೂರು?”

“ಅದಕ್ಕ ಅದರ ರಾಜರು ಅದಾರ. ಮಂದಿ ಊರು ನೀವ್ಹೆಂಗ ಕೊಡ್ತೀರಿ? ನಿಮ್ಮದು ಯಾವುದೈತಿ ಅದನ್ನ ಕೊಡ್ರಿ.”

ಬೇರೆ ದಾರಿ ಇರಲಿಲ್ಲ. “ಹೊಸಪೇಟಿ ತಗೋರಿ” ಎಂದೆ.

ಅಜ್ಜಿ ಎಳ್ಳಿನ ಮೊರವನ್ನು ಪಕ್ಕಕ್ಕೆ ಇಟ್ಟು, ಸೊಂಟದ ಎಲೆಯಡಿಕೆ ಸಂಚಿಯಿಂದ ನಾಲ್ಕು ಕವಡೆ ತೆಗೆದು ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ನಾಲ್ಕರ ಬಾಯಿಯೂ ಮೇಲಿತ್ತು. “ನಾಕು” ಎಂದರು. ಒಂದನ್ನು ಬೋರಲು ಹಾಕಿ “ಮೂರು” ಎಂದರು. ಇನ್ನೊಂದನ್ನು ಬೋರಲು ಹಾಕಿ “ಎರಡು.” ಮತ್ತೊಂದು, “ಒಂದು.” ಕೊನೆಯದನ್ನೂ ಬೋರಲು ಹಾಕಿ ನನ್ನ ಮುಖ ನೋಡಿದರು. “ಈಗ?”

“ಸೊನ್ನಿ” ಎಂದೆ. ಅಷ್ಟಾದರೂ ಸೊನ್ನೆಯೇ!

“ಎಂಟು!” ಎಂದು ಒಳಗಿನಿಂದ ಹೆಂಗಸರೆಲ್ಲ ಒಟ್ಟಿಗೆ ಕೂಗಿದರು. ಅವರಲ್ಲಿ ನನ್ನ ಹೆಂಡತಿಯ ದನಿ ಎಲ್ಲಕ್ಕಿಂತ ಮೇಲಿತ್ತು.

“ಎಲ್ಲಾ ಬೋರಲು ಬಿದ್ರ ಎಂಟು, ಮಾಸ್ತರ್ರ. ಮ್ಯಾಲೆ ಇನ್ನೊಂದು ಸಲ ಆಡಾಕ ಸಿಗತೈತಿ. ಕಂಪ್ಲಿ ಕೂಸಿಗೂ ಗೊತ್ತು” ಎಂದರು ಅಜ್ಜಿ. ಹಬ್ಬದ ದಿನ ಮನೆಯ ಕವಡೆಗಳನ್ನೆಲ್ಲ ಭತ್ತದ ಚೀಲದ ಹಿಂದೆ ಬಚ್ಚಿಟ್ಟಿದ್ದರಂತೆ, ನನಗೆ ಅವು ಆಗುವುದಿಲ್ಲ ಎಂದು ಮೊಮ್ಮಗಳಿಂದ ಕೇಳಿ, ನನ್ನ ಕಣ್ಣಿಗೆ ಬೀಳದಿರಲಿ ಎಂದು.

ಒಂದು ಕ್ಷಣ ಉರಿದುಹೋಯಿತು. ಇದು ಲೆಕ್ಕವೇ ಅಲ್ಲ ಎಂದು ವಾದಿಸಲು ಬಾಯಿ ತೆರೆದೆ. ಆಗ ಮೇಜಿನ ಖಾನೆ ನೆನಪಾಯಿತು, ಹಂಪಿಯ ಮುದುಕರ ‘ಎಂಟು, ಎಂಟು’ ನೆನಪಾಯಿತು, ಪೇಪರಿನ ಆಚೆ ಕವಡೆಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ತುಂಬುತ್ತಿದ್ದ ಹೆಂಡತಿಯ ಕೈ ನೆನಪಾಯಿತು. ನನಗೇ ನಗು ಬಂತು. ಅಷ್ಟು ನಕ್ಕದ್ದು ನಾನು ಅದೇ ಮೊದಲು, ಕಣ್ಣಲ್ಲಿ ನೀರು ಬಂದು ಮುಖದ ಮಸಿಯೆಲ್ಲ ಹರಡಿತು.

ಅಜ್ಜಿ ಊರಿನ ಒಡೆಯರಾದ ಗತ್ತಿನಲ್ಲಿ ಒಳಗೆ ತಿರುಗಿ ಕೂಗಿದರು. “ಹೊಸಪೇಟಿ ಈಗ ನಂದಾತು. ಅದನ್ನ ನೋಡ್ಕೊಳ್ಳಾಕ ನನ್ನ ಮೊಮ್ಮಗಳನ್ನ ಕಳಸ್ತೀನಿ. ಮಾಸ್ತರು ಬೇಕಂದ್ರ ಆಕಿ ಮನ್ಯಾಗ ಇರಲಿ.”

ಹಬ್ಬ ಉಂಡು ಮರುದಿನ ಹೊರಟೆವು. ಪೆಟ್ಟಿಗೆ ಕಟ್ಟುವುದಕ್ಕೆ ಹೊತ್ತಾಗಬಹುದು ಎಂದು ನಾನು ಕಟ್ಟೆಯ ಮೇಲೆ ಕಾಲು ಚಾಚಿದರೆ, ಅವಳು ಆಗಲೇ ಅದನ್ನು ಹೊರಗೆ ತಂದಿಟ್ಟಿದ್ದಳು. ಮೋಟಾರಿನಲ್ಲಿ ಕೇಳಿದೆ, “ಪೆಟ್ಟಿಗಿ ಯಾವಾಗ ಕಟ್ಟಿದಿ?”

ಅವಳು ಕಿಟಕಿಯ ಆಚೆ ಕೊಯ್ದ ಗದ್ದೆಗಳನ್ನು ನೋಡುತ್ತಲೇ ಹೇಳಿದಳು. “ಪಾಡ್ಯದ ದಿನ ಬೆಳಿಗ್ಗೆ ಕಟ್ಟಿದ್ದೆ. ಬಿಚ್ಚಲೇ ಇಲ್ಲ. ಇವತ್ತು ಊರು ಕೊಡ್ತಾರ, ನಾಳೆ ಕೊಡ್ತಾರ ಅಂತ ದಿನಾ ಮೋಟಾರ್ ಬರೋ ಹೊತ್ತಿಗೆ ಬಾಗಿಲಾಗ ನಿಂದರ್ತಿದ್ದೆ.”

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಎರಡು ತಿಂಗಳು ನಾನು ಅಂಕಿಗಳನ್ನು ಕಾಯುತ್ತಿದ್ದೆ, ಅವಳು ನನ್ನನ್ನು ಕಾಯುತ್ತಿದ್ದಳು. ಅವಳ ಕಡೆ ಕೈ ಚಾಚಿ, “ಆ ಕವಡೀ ಚೀಲ ತಂದೀಯೇನು?” ಎಂದು ಕೇಳಿದೆ.