ನಾಲ್ಕು ಬೆರಳು ನೀರು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ನದಿ ಪೊಲೀಸ್ ಠಾಣೆಯ ಹಿಂದೆ, ತಂತಿ ಬೇಲಿಯ ಆಚೆ, ಹನ್ನೊಂದು ದೋಣಿಗಳು ಕಟ್ಟಿಹಾಕಿದ ದನಗಳ ಹಾಗೆ ನಿಂತಿವೆ. ಒಂದೊಂದರ ಮೂತಿಯ ಮೇಲೂ ಕೇಸಿನ ನಂಬರು. ಬಟ್ಟೆಯನ್ನು ಮೊಣಕಾಲಿಗೆ ಎತ್ತಿಕಟ್ಟಿದ ಹೆಂಗಸೊಬ್ಬರು ಮೊದಲನೆಯದಕ್ಕೆ ಇಳಿದು, ರಾತ್ರಿ ಜಿನುಗಿದ ನೀರನ್ನು ತಗಡಿನ ಡಬ್ಬಿಯಲ್ಲಿ ಮೊಗೆದು ಹೊರಗೆ ಚೆಲ್ಲುತ್ತಾರೆ. ಆ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಠಾಣೆಯವರಿಗೆ ಇವರು ‘ಡಬ್ಬಿ ಅಕ್ಕ’.

ಲೆಕ್ಕಕ್ಕೆ ಇವರು ಠಾಣೆ ಗುಡಿಸುವವರು. ನೀರು ಮೊಗೆಯುವ ಕೆಲಸ ಯಾವ ಕಾಗದದಲ್ಲೂ ಇಲ್ಲ. ದೋಣಿಗೆ ಮೂವತ್ತು ನಲವತ್ತು ಡಬ್ಬಿ, ಮಳೆ ಬಂದರೆ ನೂರು.

“ಇವೆಲ್ಲ ಕುಡಿದು ನಡೆಸಿ ಸಿಕ್ಕಿಬಿದ್ದೋರ ದೋಣಿ. ಮೊಗೀದೆ ಬಿಟ್ರೆ ಕೇಸು ಮುಗಿಯೋದ್ರೊಳಗೆ ತಳ ಸೇರ್ತವೆ. ತಪ್ಪು ಮನುಷ್ಯಂದು, ದೋಣಿ ಏನು ಮಾಡ್ತು ಪಾಪ.”

ಮರದ ದೋಣಿಗಳಲ್ಲಿ ಮಾತ್ರ ನಾಲ್ಕು ಬೆರಳು ನೀರು ಉಳಿಸುತ್ತಾರೆ. ಪೂರ್ತಿ ಒಣಗಿದರೆ ಹಲಗೆ ಬಿರುಕು ಬಿಡುತ್ತದಂತೆ. ಅಪ್ಪ ಹೇಳಿಕೊಟ್ಟ ವಿದ್ಯೆ.

ರಸ್ತೆಯಲ್ಲಾದರೆ ಪೊಲೀಸ್ ಹಿಡಿಯುತ್ತಾನೆ, ನೀರಿನ ಮೇಲೆ ಯಾರಿದ್ದಾರೆ ಎಂದುಕೊಂಡವರೇ ಇಲ್ಲಿಗೆ ಬರುವವರೆಲ್ಲ. ಅವರ ನೆವಗಳು ಅಕ್ಕನಿಗೆ ಬಾಯಿಪಾಠ.

“ಎಂಜಿನ್ ಆಫ್ ಮಾಡಿದ್ದೆ ಅಂತಾನೆ ಒಬ್ಬ. ಚುಕ್ಕಾಣಿ ನಿನ್ನ ಕೈಲಿತ್ತಲ್ಲ, ಹೊಣೆ ನಿಂದೇ ಅಂತಾರೆ ಸಾಹೇಬ್ರು. ಇನ್ನೊಬ್ಬ ಊದೋದೇ ಇಲ್ಲ ಅಂತಾನೆ. ಊದದಿದ್ರೂ ಕೇಸೇ. ಮೊನ್ನೆ ಒಬ್ಬ, ‘ದೋಣಿ ತೂರಾಡ್ತಿತ್ತು, ನಾನಲ್ಲ’ ಅಂದ.” ನಗುತ್ತಾರೆ. ಏಳನೇ ದೋಣಿಗೆ ಕಾಲಿಟ್ಟಾಗ ನಗು ನಿಲ್ಲುತ್ತದೆ.

ನೀಲಿ ಬಣ್ಣದ ಆ ಮರದ ದೋಣಿ ಅವರ ತಮ್ಮನದು. ಬೆನ್ನಿಗೆ ಬಿದ್ದ ತಮ್ಮ, ಅಮ್ಮ ತೀರಿಕೊಂಡ ಮೇಲೆ ಇವರೇ ಸೊಂಟದ ಮೇಲೆ ಹೊತ್ತು ಬೆಳೆಸಿದವನು. ದಡದಿಂದ ದಡಕ್ಕೆ ಜನರನ್ನು ದಾಟಿಸುತ್ತಿದ್ದ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಕ್ಕನ ಮನೆಯಲ್ಲೇ ಕುಡಿದು ಹೊರಟ. ಇನ್ನೊಂದು ದೋಣಿಗೆ ಹೋಗಿ ಗುದ್ದಿದ. ಬಟ್ಟೆ ಹೊಲಿದು ಬದುಕುವ ಹೆಂಗಸೊಬ್ಬಳ ಕಾಲು ಎರಡರ ನಡುವೆ ಸಿಕ್ಕಿ ಜಜ್ಜಿಹೋಯಿತು.

“ಡಿಕ್ಕಿ ಆದ್ಮೇಲೆ ಹೆದರಿಕೆಗೆ ಕುಡಿದ ಅಂತ ಹೇಳಿಬಿಡು ಅಕ್ಕಾ ಅಂತ ಕಾಲು ಹಿಡ್ಕೊಂಡ. ವಕೀಲ್ರು ಹಂಗೇ ಹೇಳಿಕೊಟ್ಟಿದ್ರು. ಕಟಕಟೆ ಹತ್ತೋ ತನಕ ಹೇಳಬೇಕು ಅಂತಲೇ ಇದ್ದೆ. ಎದುರಿಗೆ ಅವಳು ಕೂತಿದ್ಲು. ಮಿಷನ್ ತುಳಿಯೋ ಕಾಲು ಅದು. ನನ್ನ ಬಾಯಿಗೆ ಸುಳ್ಳು ಬರ್ಲಿಲ್ಲ.”

ಹೊರಡುವ ಮುಂಚೆಯೇ ಕುಡಿದಿದ್ದ, ಮೆಟ್ಟಿಲಲ್ಲಿ ಮುಗ್ಗರಿಸಿದ ಎಂದು ಕಂಡದ್ದನ್ನೇ ಹೇಳಿದರು. ತಮ್ಮನಿಗೆ ಎಂಟು ತಿಂಗಳ ಜೈಲು. ಲೈಸೆನ್ಸು ಎರಡು ವರ್ಷ ರದ್ದು, ಅಲ್ಲಿಯ ತನಕ ದೋಣಿ ಜಪ್ತಿ. ಕುಡಿದು ನಡೆಸಿದ್ದಕ್ಕೆ ನಾವು ಹೊಣೆಯಲ್ಲ ಎಂದು ವಿಮೆಯವರೂ ಕೈ ತೊಳೆದುಕೊಂಡರು. ಜೈಲಿಂದ ಬಂದವನು ಅಕ್ಕನ ಮನೆಯ ಬೀದಿಯನ್ನೇ ಬಿಟ್ಟು ಸುತ್ತಿಕೊಂಡು ಓಡಾಡುತ್ತಾನೆ. ಅವನ ಹೆಂಡತಿ ಮುಖ ತಿರುಗಿಸುತ್ತಾಳೆ. ನೆರೆಯವರಿಗೆ ಇವರು ತಮ್ಮನನ್ನು ನೀರಿಗೆ ನೂಕಿದವರು.

ಅಕ್ಕನದು ಒಂದೇ ಕೋಣೆ. ಗೋಡೆಯ ಗೂಡಿನಲ್ಲಿ ಎರಡು ಲೋಟ ಇವೆ. ತಮ್ಮನ ಲೋಟದ ಮೇಲೆ ಧೂಳು.

ಮುಂದಿನ ತಿಂಗಳು ಜಪ್ತಿಯ ಎರಡು ವರ್ಷ ತುಂಬುತ್ತದೆ. ತಮ್ಮ ಬಂದು ದೋಣಿ ಬಿಡಿಸಿಕೊಳ್ಳಬೇಕು. ಆ ದಿನ ತೇಲುತ್ತಿದ್ದರೆ ದೋಣಿ, ಇಲ್ಲದಿದ್ದರೆ ಸೌದೆ. ಅದಕ್ಕೇ ಜ್ವರ ಬಂದ ದಿನವೂ ಅಕ್ಕ ರಜೆ ಹಾಕುವುದಿಲ್ಲ.

ಹೋದ ವಾರ ಅವನು ದೋಣಿ ನೋಡಲು ಬಂದಿದ್ದನಂತೆ. ಅಕ್ಕ ಆ ತುದಿಯ ದೋಣಿಯಲ್ಲಿದ್ದರು. ಇವನು ಬಗ್ಗಿ, ನೀಲಿ ದೋಣಿಯ ತಳದಲ್ಲಿ ಬೆರಳಿಟ್ಟು ನೀರು ಅಳೆದ. ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಎದ್ದು, ಅಕ್ಕನ ಕಡೆ ನೋಡದೆ ಹೋದ. ಬಾಗಿಲು ಕಾಯುವ ಪೇದೆ ಹೇಳಿದ ಮೇಲೇ ಅಕ್ಕನಿಗೆ ಗೊತ್ತಾದದ್ದು.

“ನಾಲ್ಕು ಬೆರಳು ಬಿಡೋದು ನಮ್ಮಿಬ್ಬರಿಗೆ ಬಿಟ್ರೆ ಇಲ್ಲಿ ಯಾರಿಗೂ ಗೊತ್ತಿಲ್ಲ,” ಎನ್ನುತ್ತಾರೆ ಅಕ್ಕ, ಡಬ್ಬಿ ಒರೆಸುತ್ತಾ. “ಮಾತಾಡದಿದ್ರೆ ಬೇಡ. ದೋಣಿ ಬಿಡಿಸ್ಕೊಳ್ಳೋ ದಿನ ಆ ನೀರು ಅವನೇ ಮೊಗೀಲಿ. ಈ ಡಬ್ಬಿ ಅದರೊಳಗೇ ಇಟ್ಟಿರ್ತೀನಿ.”

ಎಂಟನೇ ದೋಣಿಗೆ ಇಳಿಯುತ್ತಾರೆ.