ಲೋಕನಾಥ ಸರ್ ಅವರ ಹಳದಿ ಗೆರೆ

ಠಾಣೆ, ಕಲ್ಯಾಣ, ನವಿಮುಂಬೈ ಭಾಗದಲ್ಲಿ ಹಳೆಯ ಕಾರುಗಳ ಅಡಿಯಲ್ಲಿ ಮಲಗಿ ಕೆಲಸ ಕಲಿತ ಎರಡು ತಲೆಮಾರಿನವರಿಗೆ ಶ್ರೀ ಲೋಕನಾಥ ಸುವರ್ಣರನ್ನು ಪರಿಚಯಿಸಬೇಕಾಗಿಲ್ಲ. ಕೋಪರಿಯ ಖಾಸಗಿ ತರಬೇತಿ ಕೇಂದ್ರದಲ್ಲಿ ಮೂವತ್ತೆರಡು ವರ್ಷ ವಾಹನ ದುರಸ್ತಿ ಕಲಿಸಿ ಈ ಮೇ ತಿಂಗಳಲ್ಲಿ ನಿವೃತ್ತರಾದ ಅವರ ಕುರಿತು ಒಂದು ಸಿಹಿ ನೆನಪು ಬರೆಯಿರೆಂದು ಸಂಪಾದಕರು ಕೇಳಿದರು. ನನ್ನಲ್ಲಿರುವುದು ಹೆದರಿಕೆಯ ನೆನಪು. ಬೇಡವಾದರೆ ಅವರು ಈ ಪುಟ ಬಿಡಬಹುದು.

ಇಪ್ಪತ್ತೆರಡು ಹುಡುಗರ ನಡುವೆ ಒಬ್ಬಳೇ ಹುಡುಗಿಯಾಗಿ ನಾನು ಅಲ್ಲಿ ಸೇರಲು ಹೊರಟಾಗ ಸಾನಪಾಡಾದ ನಮ್ಮ ಮನೆಯಲ್ಲಿ ಯಾರೂ ಒಪ್ಪಿರಲಿಲ್ಲ. ಸರ್ ಮನೆಗೇ ಬಂದು ಅಪ್ಪನಿಗೆ, "ನಿಮ್ಮ ಮಗಳಿಗೆ ಹೆದರಿಕೆ ಉಂಟು. ಹಾಗಾಗಿ ಕೆಲಸ ಬರ್ತದೆ" ಎಂದರು. ಇದು ಹೊಗಳಿಕೆಯೋ ದೂರೋ ಎಂದು ಅಪ್ಪ ಬಹಳ ದಿನ ಯೋಚಿಸಿದರು.

ಕಾರಿನ ಚಕ್ರವನ್ನು ಹಿಡಿದಿರುವ ಆರ್ಮ್ ಗಾಡಿಯ ಮೈಗೆ ಸೇರುವಲ್ಲಿ ರಬ್ಬರಿನ ಬುಶ್ ಇರುತ್ತದೆ. ಅದು ಸವೆದರೆ ಪ್ರತಿ ಹೊಂಡದಲ್ಲೂ ಟಕ್ ಟಕ್ ಸದ್ದು. ಹೊಸದು ಹಾಕುವಾಗ ಗಾಡಿ ಜಾಕ್ ಮೇಲಿದ್ದಾಗಲೇ ಬೋಲ್ಟ್ ಬಿಗಿದರೆ ರಬ್ಬರು ತಿರುಚಿ ಬೇಗ ಹರಿಯುತ್ತದೆ. ಆದ್ದರಿಂದ ನಟ್ಟನ್ನು ಕೈಯಲ್ಲಷ್ಟೇ ತಿರುಗಿಸಿಟ್ಟು, ಗಾಡಿಯನ್ನು ನೆಲಕ್ಕಿಳಿಸಿ, ಒಳಗೆ ಇಬ್ಬರನ್ನು ಕೂರಿಸಿ, ಆಮೇಲೆ ಪೂರ್ತಿ ಬಿಗಿಯಬೇಕೆಂಬುದು ಸರ್ ಅವರ ಕಟ್ಟುನಿಟ್ಟು. ಬಿಗಿದ ನಟ್ಟಿನ ಮೇಲೆ ಅವರು ಹಳದಿ ಬಣ್ಣದ ಗೆರೆಯೊಂದನ್ನು ಎಳೆಯುತ್ತಿದ್ದರು. ಗೆರೆ ಇದ್ದರೆ ಗಾಡಿ ಹೊರಡಬಹುದು.

ನಾನು ಅವರ ಸಹಾಯಕ ಶಿಕ್ಷಕಿಯಾಗಿ ಒಂದು ವರ್ಷವಾಗಿದ್ದಾಗ ಐರೋಲಿಯ ರುಕ್ಮಿಣಿ ಎಂಬವರ ಹದಿನಾಲ್ಕು ವರ್ಷದ ಕಾರು ಎರಡೂ ಬದಿಯ ಬುಶ್ ಬದಲಿಸಲು ಬಂತು. ಸರ್ ಆಫೀಸಿನ ಮೀಟಿಂಗಿಗೆ ಹೋಗಿದ್ದರು. ರುಕ್ಮಿಣಿಯವರಿಗೆ ಮುಲುಂಡಿನ ಡಾನ್ಸ್ ಕ್ಲಾಸಿನಿಂದ ಮಗಳನ್ನು ಕರೆತರುವ ಅವಸರ. ನಾನು ಎಡಗಡೆಯ ನಟ್ಟನ್ನು ಬಿಗಿದೆ, ಗೆರೆ ಎಳೆದೆ. ಬ್ರಶ್ ಕೈಯಲ್ಲಿತ್ತಲ್ಲ, ಬಲಗಡೆಗೂ ಎಳೆದುಬಿಟ್ಟೆ, ಬಿಗಿಯುವುದು ಆಮೇಲೆ ಎಂದುಕೊಂಡು. "ಆಯ್ತೇನಮ್ಮಾ?" ಎಂದು ಅವರು ಕೇಳಿದಾಗ ಬಗ್ಗಿ ನೋಡಿದೆ. ಎರಡೂ ಕಡೆ ಹಳದಿ ಗೆರೆ. ಆಯ್ತು ಎಂದೆ.

ಸಂಜೆ ಸಾನಪಾಡಾಕ್ಕೆ ಹೋಗುವ ಲೋಕಲ್ ರೈಲಿನಲ್ಲಿ ನಿಂತು ಬೆರಳಿಗಂಟಿದ ಬಣ್ಣ ಒರೆಸಿಕೊಳ್ಳುತ್ತಿದ್ದಾಗ, ಬಲಗಡೆಯ ನಟ್ಟಿಗೆ ಪಾನಾ, ಅಂದರೆ ಸ್ಪ್ಯಾನರ್, ಹಾಕಿದ ನೆನಪೇ ಇಲ್ಲವೆಂಬುದು ಹೊಳೆಯಿತು. ರುಕ್ಮಿಣಿಯವರಿಗೆ ಫೋನ್ ಮಾಡಿದೆ, ಐದು ಸಲ. ರಿಂಗಾಗುತ್ತಿತ್ತು, ಎತ್ತಲಿಲ್ಲ. ಮುಲುಂಡಿನಿಂದ ಅವರು ಬರಬೇಕಾದದ್ದು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಉದ್ದನೆಯ ಸೇತುವೆ ದಾಟಿ. ಆ ಬೋಲ್ಟ್ ಕಳಚಿದರೆ ಚಕ್ರ ಎಲ್ಲಿಗೆ ತಿರುಗುತ್ತದೆಂದು ತರಗತಿಯಲ್ಲಿ ಚಿತ್ರ ಬರೆದು ತೋರಿಸಿದವಳು ನಾನೇ.

ಸರ್‌ಗೆ ಫೋನ್ ಮಾಡಿ ಆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. "ಐರೋಲಿಯಲ್ಲಿ ಇಳಿ. ಅವರ ಬಿಲ್ಡಿಂಗಿನ ಗೇಟಿನ ಹತ್ತಿರ ನಿಲ್ಲು. ಫೋನ್ ಮಾಡ್ತಾ ಇರು. ನಾನು ಬರ್ತೇನೆ" ಎಂದರು. ಮುಂದಿನ ಲೋಕಲಿಗೇ ಬಂದರು, ಉದ್ದನೆಯ ಪಾನಾವನ್ನು ಪೇಪರಿನಲ್ಲಿ ಸುತ್ತಿಕೊಂಡು. ಇಬ್ಬರೂ ಗೇಟಿನಲ್ಲಿ ನಿಂತೆವು. ಪ್ರತಿ ಬಿಳಿ ಕಾರಿಗೂ ನಾನು ರಸ್ತೆಗಿಳಿದು ನಂಬರ್ ನೋಡುತ್ತಿದ್ದೆ. ಆಂಬುಲೆನ್ಸಿನ ಸದ್ದೊಂದು ಸೇತುವೆಯ ಕಡೆಗೆ ಹೋಯಿತು. ಸರ್ ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ.

ನಲವತ್ತು ನಿಮಿಷದ ಮೇಲೆ ಕಾರು ಬಂತು. ಟಕ್ ಟಕ್ ಸದ್ದು ಗೇಟಿನಿಂದಲೇ ಕೇಳಿಸಿತು.

"ಏನ್ ಸಾರ್, ಇಲ್ಲೀವರ್ಗೂ ಬಂದ್ಬಿಟ್ಟಿದ್ದೀರಾ? ಗಾಡಿ ಓಡಿಸ್ವಾಗ ನಾನು ಫೋನ್ ಎತ್ತಲ್ಲ. ಬ್ರಿಜ್ ಮೇಲೆ ಮತ್ತೆ ಸದ್ದು ಶುರುವಾಯ್ತು, ನಿಧಾನಕ್ಕೆ ಬಂದೆ" ಎಂದರು ರುಕ್ಮಿಣಿ. ಹಿಂದಿನ ಸೀಟಿನಿಂದ ಏಳು ವರ್ಷದ ಮಗಳು ಇಂಚರ ಕಣ್ಣುಜ್ಜಿಕೊಂಡು, "ಕ್ಯಾ ಹುವಾ, ಅಂಕಲ್?" ಎಂದಳು.

ಸರ್ ಇಸ್ತ್ರಿ ಮಾಡಿದ ಅಂಗಿಯಲ್ಲೇ ರಸ್ತೆಯ ಮೇಲೆ ಮಲಗಿ ಕಾರಿನಡಿಗೆ ಸರಿದರು. ನಾನೂ ಸರಿದೆ. ನಟ್ಟು ಬೋಲ್ಟಿನ ತುದಿಯಲ್ಲಿತ್ತು. ಸರ್ ಬೆರಳಿನಿಂದ ತಿರುಗಿಸಿದರು. ಇನ್ನು ಎರಡು ಸುತ್ತು ಸಡಿಲವಾಗಿದ್ದರೆ ಕಳಚಿ ಬೀಳುತ್ತಿತ್ತು, ಅಷ್ಟೇ. ನನಗೆ ಅಳು ಬಂತು. ಅವರು ನಟ್ಟನ್ನು ಬಿಗಿದು ಹೊರಬಂದು, "ತಪ್ಪು ನಮ್ಮದು ಅಮ್ಮಾ. ನಾನು ನೋಡದೆ ಗಾಡಿ ಹೋಗಬಾರದಿತ್ತು" ಎಂದು ಕೈಮುಗಿದರು. ಏನಾಗಬಹುದಿತ್ತೆಂಬುದನ್ನೂ ಮುಚ್ಚಿಡದೆ ಹೇಳಿದರು. ರುಕ್ಮಿಣಿಯವರು ಮಗಳನ್ನೆತ್ತಿಕೊಂಡು ಒಳಗೆ ಹೋದರು.

ಮರುದಿನ ರಾಜೀನಾಮೆ ಕೊಟ್ಟೆ. ಸರ್ ಅದನ್ನು ಮಡಚಿ ಜೇಬಿಗಿಟ್ಟು ಹಳದಿ ಬಣ್ಣದ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. "ಇನ್ನು ಗೆರೆ ನೀನೇ ಎಳಿ, ಪ್ರಫುಲ್ಲಾ. ನಿನಗೆ ಈಗ ಸರಿಯಾಗಿ ಹೆದರಿಕೆ ಆಗಿದೆ ಅಲ್ವಾ" ಎಂದರು. ಅಂದಿನಿಂದ ಇಂದಿನವರೆಗೆ ನಟ್ಟಿಗೆ ಇನ್ನೊಮ್ಮೆ ಪಾನಾ ಹಾಕಿ ನೋಡದೆ ನಾನು ಬ್ರಶ್ ಹಿಡಿದಿಲ್ಲ.

ಕಳೆದ ವಾರ ಸರ್ ತಮ್ಮದೇ ಹಳೆಯ ಕಾರನ್ನು ಬುಶ್ ಬದಲಿಸಲು ಕೇಂದ್ರಕ್ಕೆ ತಂದಿದ್ದರು. ಕೆಲಸ ಮುಗಿಸಿ ನಾನು ಗೆರೆ ಎಳೆದೆ. ಅವರು ಬಗ್ಗಿಯೂ ನೋಡಲಿಲ್ಲ. ಪತ್ನಿ ಜಯಲತಾ ಅವರನ್ನು ಹತ್ತಿಸಿಕೊಂಡು, "ಹೋಗುವನಾ?" ಎಂದು ಕೀಲಿ ತಿರುಗಿಸಿದರು. ಅವರು ಹೊರಟಿದ್ದದ್ದು ಅದೇ ಸೇತುವೆಯ ಮೇಲೆ. "ಸರ್, ಒಮ್ಮೆ ಇಳೀರಿ" ಎಂದೆ. ಇಳಿದರು. ನಾನು ಮತ್ತೆ ಗಾಡಿಯಡಿಗೆ ಹೋಗಿ ಎರಡು ನಟ್ಟಿಗೂ ಪಾನಾ ಹಾಕಿ ನೋಡಿ ಬಂದೆ. ಅವರು ಬಿಸಿಲಿನಲ್ಲಿ ಕಾಯುತ್ತ ನಿಂತಿದ್ದರು.

ಗುರುಗಳು ನೂರು ವರ್ಷ ಆ ಕಾರಿನಲ್ಲಿ ಓಡಾಡುತ್ತಿರಲಿ, ಕೈಗೆ ಕೆಲಸ ಇರಲಿ. ನಮ್ಮಲ್ಲಿಗೆ ಬಂದಾಗಲೆಲ್ಲ ನಾನು ಅವರನ್ನು ಒಮ್ಮೆ ಇಳಿಸಿಯೇ ಕಳಿಸುತ್ತೇನೆ.